ದಾರದಲ್ಲಿ ಕಟ್ಟಿದ ಗೊಂಚಲು

೧೪-೩-೧೯೮೩, ಸೋಮವಾರ. ಯಲಬುರ್ಗಾ.

ಇವತ್ತು ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಅಂಗಳದ ಚಪ್ಪರದಲ್ಲಿ ಮೊದಲು ಹಣ್ಣಾದ ದ್ರಾಕ್ಷಿ ಗೊಂಚಲು ಕಾಣಲಿಲ್ಲ. ಗೋಡೆಯಾಚೆಯ ಕಳಕಮ್ಮನ ಮನೆಗೆ ಕೇಳಲೆಂದೇ ಕೂಗಿದೆ: "ಕಂಡೋರು ತಿನ್ನಲಿ ಅಂತ ಬೆಳಸಿಲ್ಲ ನಾ!"

ಹೆಂಡತಿ ಓಡಿಬಂದು ಮೆಲ್ಲಗೆ ಅಂದಳು: "ನಾನ ಹರದು ಕೊಟ್ಟೀನ್ರಿ. ಕಳಕಮ್ಮನ ಸೊಸಿ ಬಸುರಿ ಅದಾಳ. ಬಾಯಿಬಿಟ್ಟು ಕೇಳಲಿಲ್ಲ ಪಾಪ, ಬಳ್ಳಿ ಕಡೆನ ನೋಡಾಕತ್ತಿದ್ಲು."

ಆಗಲಾದರೂ ಗೋಡೆಯ ಹತ್ತಿರ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಚೀಲ ಹಿಡಿದು ಕಚೇರಿಗೆ ನಡೆದೆ. ಎಂಥ ಮನುಷ್ಯ ನಾನು!

ಹೋದ ಬೇಸಿಗೆಯಲ್ಲಿ ಈ ಬಳ್ಳಿ ಒಣಗದೆ ಉಳಿದದ್ದೇ ಕಳಕಮ್ಮನ ಬಚ್ಚಲ ನೀರಿನಿಂದ. ಗೋಡೆಯ ಬುಡದಲ್ಲಿ ತೂತು ಮಾಡಿಸಿ, "ನಿಮ್ಮ ಬಳ್ಳಿಗಿ ಹರೀಲಿ ಬಿಡ್ರಿ" ಅಂದವಳು ಅವಳೇ.

ಸಂಜೆ ಬಂದು ನೋಡಿದರೆ ಗೊಂಚಲು ಚಪ್ಪರದಲ್ಲಿತ್ತು. ಬಿಳಿ ದಾರದಿಂದ ಅದೇ ಟೊಂಗೆಗೆ ಕಟ್ಟಿ ಹೋಗಿದ್ದರು. ಒಂದೇ ಒಂದು ಹಣ್ಣು ಕಿತ್ತ ಗುರುತಿತ್ತು.

ಬಿಚ್ಚಲು ನನಗೆ ಕೈ ಬರಲಿಲ್ಲ. ಹೆಂಡತಿಯೂ ಮುಟ್ಟಲಿಲ್ಲ. ಈಗ ಗೋಡೆಯಾಚೆ ಆ ಸೊಸೆ ಪಾತ್ರೆ ತೊಳೆಯುತ್ತಿದ್ದಾಳೆ. ನೀರು ಇನ್ನೂ ನಮ್ಮ ಬಳ್ಳಿಯ ಬುಡಕ್ಕೇ ಬರುತ್ತಿದೆ.