ಹಿತ್ತಿಲ ಕೋಣೆಯ ರಜೆ

14 ಜೂನ್ 2025, ಶನಿವಾರ

ಎದ್ದದ್ದು ಎಂಟಕ್ಕೆ. ಬರೆದದ್ದು ಸೊನ್ನೆ. ನನ್ನ ನಾಯಕಿ ಚಿಗಳಿಯನ್ನು ಕೋಟೆಯೊಳಗೆ ಬಿಟ್ಟು ವಾರವಾಯಿತು, ಅಲ್ಲಿ ಅವಳು ಏನು ಮಾಡಬೇಕೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೂರನೇ ಪುಸ್ತಕ. ಪ್ರಕಾಶಕ ವರದರಾಜರು ದಿನಾ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸುತ್ತಾರೆ. "ಎಲ್ಲಿಗೆ ಬಂತು" ಅಂತ ಅದರ ಅರ್ಥ. ತಿಳಿಯುತ್ತದೆ ಸ್ವಾಮಿ, ನಾನೂ ಮನುಷ್ಯಳೇ.

ಸಂಜೆ ನಿಶಾಂತ್ ಬಂದಿದ್ದ, ಪತ್ರಿಕೆಯವನು. ಭಾನುವಾರದ ಪುರವಣಿಗೆ ಇಂಟರ್‌ವ್ಯೂ. ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಫ್ಯಾಂಟಸಿ ಯಾಕೆ, ರಾಕ್ಷಸರ ಹೆಸರು ಎಲ್ಲಿಂದ ತರುತ್ತೀರಿ... ಆಮೇಲೆ ಆ ಪ್ರಶ್ನೆ.

"ಬರೆಯೋಕೆ ನಿಮ್ದೇ ಅಂತ ಒಂದು ಅಭ್ಯಾಸ ಇರುತ್ತಲ್ಲ ಮೇಡಂ? ಎಲ್ಲರೂ ಬೆಳಗಿನ ಜಾವ, ಫಿಲ್ಟರ್ ಕಾಫಿ ಅಂತಾರೆ. ಏನಾದ್ರೂ ಬೇರೆ ಹೇಳಿ."

ಬೇರೆ ಹೇಳಿದೆ. ನಮ್ಮ ಹಿತ್ತಿಲಲ್ಲಿ ಒಂದು ಕೋಣೆ ಇದೆ. ಹುಡುಗಿಯಾಗಿದ್ದಾಗ ತಿಂಗಳಿಗೆ ಮೂರು ದಿನ ಅಲ್ಲಿ ಕೂರಿಸುತ್ತಿದ್ದರು. ಕೆಲಸ ಹೇಳುವವರಿಲ್ಲ, ಮುಟ್ಟುವವರಿಲ್ಲ. ಅಲ್ಲೇ ಕಥೆ ಕಟ್ಟುವುದು ಕಲಿತೆ. ಯಾರೂ ಮುಟ್ಟಬಾರದ ಹುಡುಗಿ ಚಿಗಳಿ, ಅವಳು ಹತ್ತಿರ ಬಂದರೆ ಗೋಡೆಗಳೂ ಮೈಲಿಗೆಗೆ ಹೆದರಿ ಸರಿದು ದಾರಿ ಬಿಡುತ್ತವೆ — ಆ ಐಡಿಯಾ ಬಂದದ್ದೂ ಅಲ್ಲೇ. "ಒಂಥರಾ ರಜೆ ಇದ್ದ ಹಾಗೆ" ಅಂದೆ. ನಕ್ಕೆ ಬೇರೆ.

ಅಮ್ಮ ದಿವಾನದ ಮೇಲೆ ಹೂಬತ್ತಿ ಹೊಸೆಯುತ್ತ ಕೂತಿದ್ದಳು. ಅವಳೆದುರು ಇನ್ನು ಹೇಗೆ ಹೇಳುವುದು. ಅವಳೂ ನಕ್ಕಳು. ನಿಶಾಂತನಿಗೆ ಇನ್ನೊಂದು ಲೋಟ ಕಾಫಿ ಸಿಕ್ಕಿತು.

22 ಜೂನ್, ಭಾನುವಾರ

ಪೇಪರ್ ಬಂತು. ತಲೆಬರಹ: "ಮೂರು ದಿನದ ಏಕಾಂತ ಕೊಟ್ಟ ಕಾದಂಬರಿ". ಫೋಟೋದಲ್ಲಿ ನನ್ನ ಮೂಗು ಅರ್ಧ ಪುಟ.

ಒಂಬತ್ತಕ್ಕೆಲ್ಲ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬ. ಮತ್ತಿಕೆರೆ ಚಿಕ್ಕಮ್ಮ — "ನಮ್ಮ ಹಿರಿಯರು ಸುಮ್ಮನೆ ಏನೂ ಮಾಡಿಲ್ಲ, ಈಗ ನೋಡಿ, ಸುಪ್ರಜಾನೇ ಒಪ್ಪಿಕೊಂಡಿದ್ದಾಳೆ." ಏನು ಒಪ್ಪಿಕೊಂಡೆ ನಾನು? ಅದರ ಕೆಳಗೆ ಮುಗಿದ ಕೈಗಳ ಸಾಲು. ನನ್ನ ಎರಡು ಪುಸ್ತಕಗಳಲ್ಲಿ ಒಂದನ್ನೂ ಓದದವರು. ಅಮ್ಮನ ಭಜನಾ ಮಂಡಳಿಗೂ ಹೋಯಿತಂತೆ. ಯಾರೋ "ಖ್ಯಾತ ಲೇಖಕಿಯ ಅನುಭವ" ಅಂತ ತಲೆಬರಹ ಬದಲಾಯಿಸಿ ಕಳಿಸಿದ್ದಾರೆ.

ಅತ್ತಿಗೆ ಪೇಪರ್ ಓದಿ ಮಡಚಿಟ್ಟಳು. ದೋಸೆ ನನ್ನ ತಟ್ಟೆಗೆ ಬಿದ್ದ ರೀತಿಯಲ್ಲೇ ಸಿಟ್ಟು ಗೊತ್ತಾಯಿತು.

ಅಣ್ಣನ ಮಗಳು ಆರಾಧನಾ ಮಾತ್ರ ಕುಣಿದಳು. ಎಂಟನೇ ಕ್ಲಾಸು. ಚಿಗಳಿಯನ್ನು ಮೊದಲು ಓದಿದವಳು ಅವಳೇ. "ಅತ್ತೆ, ನಮ್ಮನೆ ಹಿಂದಿನ ರೂಮಾ? ಆ ಪಾತ್ರೆ ತುಂಬಿರೋ ರೂಮಾ? ನಂಗೆ ಹೇಳೇ ಇಲ್ಲ ನೀವು."

25 ಜೂನ್, ಬುಧವಾರ

ಆರಾಧನಾ ದೊಡ್ಡವಳಾದಳು. ಸ್ಕೂಲಿಂದ ಫೋನ್, ಅತ್ತಿಗೆ ಆಫೀಸಲ್ಲಿ, ನಾನೇ ಹೋಗಿ ಆಟೋದಲ್ಲಿ ಕರೆತಂದೆ. ದಾರಿಯಲ್ಲಿ ನನ್ನ ಭುಜಕ್ಕೆ ಒರಗಿದ್ದಳು.

ಮನೆಗೆ ಬಂದರೆ ಅಮ್ಮ ಹಿತ್ತಿಲ ಕೋಣೆಯ ಪಾತ್ರೆ ಹೊರಗೆ ಹಾಕಿಸುತ್ತಿದ್ದಾಳೆ. ಚಾಪೆ, ಒಂದು ಹಳೇ ಕಂಬಳಿ, ಬೇರೆ ತಟ್ಟೆ, ಬೇರೆ ಲೋಟ.

"ಏನಮ್ಮ ಇದು?"

"ಮೊದಲನೇ ಸಲ ಕಣೆ. ಶಾಸ್ತ್ರಕ್ಕಾದ್ರೂ ಮೂರು ದಿನ ಕೂರ್ಲಿ. ನಿಂಗೆ ಒಳ್ಳೇದಾಗ್ಲಿಲ್ವಾ? ನೀನೇ ಪೇಪರ್‌ನಲ್ಲಿ ಹೇಳಿದೀಯ."

ಅಣ್ಣನಿಗೆ ಫೋನ್ ಮಾಡಿದೆ. ವಾದಿರಾಜ, ಬ್ಯಾಂಕ್ ಮ್ಯಾನೇಜರ್, ಮನೆಯ ಮಾತು ಬಂದರೆ ಸದಾ ಮೀಟಿಂಗಿನಲ್ಲಿ. "ಮೂರೇ ದಿನ ತಾನೆ. ನೀನೇ ರಜೆ ಅಂದಿದ್ಯಲ್ಲೇ. ಈಗ ಅಮ್ಮನ ಜೊತೆ ಜಗಳ ಬೇಡ."

ಜಗಳವಾಡಿದೆ. ಸೋತೆ. ಯಾಕೆಂದರೆ ಆರಾಧನಾಳೇ ಒಳಗೆ ಹೋಗಿ ಕೂತಳು. ಖುಷಿಯಿಂದ. ಪೆನ್ನು, ಹೊಸ ಬುಕ್ಕು, ನನ್ನ ಎರಡೂ ಪುಸ್ತಕ. "ಅತ್ತೆ, ನಾನೂ ಬರೀತೀನಿ. ನೀವು ಓದ್ಬೇಕು." ಅಮ್ಮ ದೂರದಿಂದಲೇ, ದೊಡ್ಡವಳಾದವರಿಗೆ ಕೊಡುವ ಎಳ್ಳಿನ ಚಿಗಳಿ ಉಂಡೆ ಕೊಟ್ಟಳು. ಅದರ ಹೆಸರನ್ನೇ ನಾನು ನನ್ನ ನಾಯಕಿಗೆ ಇಟ್ಟದ್ದು ಅಂತ ನೆನಪಾಗಿ ಮೈಯೆಲ್ಲ ಉರಿಯಿತು.

ಏಳಕ್ಕೆ ಅತ್ತಿಗೆ ಬಂದಳು. ಹಿತ್ತಿಲಿಗೆ ಹೋದಳು, ನೋಡಿದಳು. ನೇರ ನನ್ನ ರೂಮಿಗೆ ಬಂದು ಬಾಗಿಲು ಹಾಕಿದಳು.

"ಮದುವೆಯಾಗಿ ಬಂದ ಹೊಸದ್ರಲ್ಲಿ ಎರಡು ವರ್ಷ ಜಗಳ ಆಡಿದೀನಿ ಸುಪ್ರಜಾ. ತವರಿಗೆ ಹೋಗಿ ಕೂತೆ. ನಿಮ್ಮಣ್ಣನ ಹತ್ರ ಮಾತು ಬಿಟ್ಟೆ. ಬೇಕಾದ್ರೆ ದೇವರಮನೆಗೆ ಹೋಗಲ್ಲ, ಆದ್ರೆ ಆ ಕೋಣೆಗೂ ಹೋಗಲ್ಲ ಅಂತ ಹಟ ಹಿಡಿದು ಅದಕ್ಕೆ ಬೀಗ ಹಾಕಿಸಿದೆ. ನೀನು ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ತೆಗೆಸ್ಬಿಟ್ಟೆ."



27 ಜೂನ್, ಶುಕ್ರವಾರ

ಎಲುಬಿಲ್ಲದ ನಾಲಿಗೆ. ನನ್ನದೇ.

ಮಧ್ಯಾಹ್ನ ಹಿತ್ತಿಲಿಗೆ ಹೋದೆ. ಆರಾಧನಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಊಟದ ತಟ್ಟೆ ಹೊಸ್ತಿಲ ಬಳಿ, ಅನ್ನ ಒಣಗಿತ್ತು.

"ಬರೆದ್ಯಾ ಪುಟ್ಟಿ?"

"ಇಲ್ಲ."

"ಪರವಾಗಿಲ್ಲ ಬಿಡು."

"ಎರಡು ದಿನದಿಂದ ಟ್ರೈ ಮಾಡ್ತಿದೀನಿ ಅತ್ತೆ. ಹೊಟ್ಟೆ ನೋಯುತ್ತೆ. ಬರೀ ಅಳು ಬರುತ್ತೆ. ನಿಮಗೆ ಎಷ್ಟೆಲ್ಲ ಬರ್ತಿತ್ತು ಇಲ್ಲಿ. ನಾನು ನಿಮ್ಮ ಥರ ಅಲ್ಲ ಅನ್ಸುತ್ತೆ."

ಈ ಮಾತು ಕೇಳಿಸಿಕೊಳ್ಳಲಿಕ್ಕೆ ನಾನು ಬದುಕಿರಬೇಕಿತ್ತಾ. ಒಳಗೆ ಹೋಗಿ ಪಕ್ಕದಲ್ಲಿ ಕೂತು ತಬ್ಬಿಕೊಂಡೆ. ಅಡುಗೆಮನೆಯ ಕಿಟಕಿಯಿಂದ ಅಮ್ಮನ ದನಿ — "ಮುಟ್ಟಿದ್ಯಾ? ಹಾಗಿದ್ರೆ ತಲೆಗೆ ನೀರು ಹಾಕ್ಕೊಂಡು ಒಳಗೆ ಬಾ."

ಹಾಕಿಕೊಂಡೆ. ಮೂವತ್ತೆಂಟು ವರ್ಷದ ಕತ್ತೆ, ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಥೂ.

3 ಜುಲೈ

ನಿಶಾಂತನಿಗೆ ಫೋನ್ ಮಾಡಿದೆ. ತಿದ್ದುಪಡಿ ಹಾಕಪ್ಪ ಅಂದೆ.

"ತಿದ್ದೋಕೆ ತಪ್ಪೆಲ್ಲಿದೆ ಮೇಡಂ? ನೀವು ಹೇಳಿದ್ದೇ ಬರೆದಿದೀನಿ. ರೆಕಾರ್ಡಿಂಗ್ ಇದೆ."

"ನಾನು ಹೇಳಿದ್ದು ಸುಳ್ಳು."

ನಯವಾಗಿಯೇ ಹೇಳಿದ — "ಬೇಕಾದ್ರೆ ಒಂದು ಪತ್ರ ಕಳಿಸಿ, ಓದುಗರ ಕಾಲಮ್ಮಲ್ಲಿ ಹಾಕೋಕೆ ನೋಡ್ತೀನಿ." ಅಂದರೆ ನನ್ನ ಬದುಕಿಗೆ ನಾನೇ ಓದುಗರಲ್ಲೊಬ್ಬಳು. ಅವನ ತಪ್ಪೇನೂ ಇಲ್ಲ, ಅದೇ ಇನ್ನೂ ಸಿಟ್ಟು ಬರಿಸುತ್ತದೆ.

ವರದರಾಜರು ಇವತ್ತು ಹೂವಿನ ಬದಲು ಮೆಸೇಜ್ ಕಳಿಸಿದ್ದಾರೆ. ಪುಸ್ತಕ ಚೆನ್ನಾಗಿ ಹೋಗುತ್ತಿದೆಯಂತೆ. ಮೂರನೆಯದರ ಹಿಂಬದಿ ರಕ್ಷಾಪುಟದಲ್ಲಿ "ಒಂಥರಾ ರಜೆ" ಮಾತನ್ನೇ ದಪ್ಪಕ್ಷರದಲ್ಲಿ ಹಾಕೋಣವಾ ಅಂತ. ಹಾಕಿ. ಕೆಳಗೆ ನನ್ನ ಶ್ರದ್ಧಾಂಜಲಿಯನ್ನೂ ಹಾಕಿ.

ಬೇಡ ಅಂತ ಬರೆದೆ. ಯಾಕೆ ಅಂದರು. ಇನ್ನೂ ಉತ್ತರಿಸಿಲ್ಲ.

4 ಜುಲೈ

ಇವತ್ತು ಅಮ್ಮನಿಗೆ ಹೇಳಿದೆ. ಸೊಪ್ಪು ಬಿಡಿಸುತ್ತ ಕೂತಿದ್ದಳು.

ಹೇಳಿದ್ದು ಇಷ್ಟು. ನಾನು ಒಂಬತ್ತನೇ ಕ್ಲಾಸು. ಆ ಕೋಣೆಯಲ್ಲಿ ನನಗೆ ಜ್ವರ ಬಂತು. ಹಲ್ಲು ಕಟಕಟ ಅನ್ನುವಷ್ಟು. ಕರೆದೆ. ಅಮ್ಮ ಬಂದು ಹೊಸ್ತಿಲಾಚೆ ನಿಂತು "ಜ್ವರ ಜಾಸ್ತಿ ಇದೆಯೇನೆ" ಅಂತ ಕೇಳಿದಳು. ಹಣೆ ಮುಟ್ಟಿ ನೋಡುವುದನ್ನು ಬಿಟ್ಟು ಬಾಯಲ್ಲಿ ಕೇಳಿದಳು. ಮಾತ್ರೆಯನ್ನು ಕಾಗದದ ಮೇಲಿಟ್ಟು ನೆಲದ ಮೇಲೆ ತಳ್ಳಿದಳು. ಅವಳು ಹೋದ ಮೇಲೆ ನಾನು ಗೋಡೆಗೆ ಒರಗಿದೆ. ಈ ಗೋಡೆಯೂ ಈಗ ಸರಿದುಬಿಡುತ್ತದೆ ಅಂತ ಅನ್ನಿಸಿತು. ಚಿಗಳಿ ಹುಟ್ಟಿದ್ದು ಹಾಗೆ. ಏಕಾಂತವೂ ಅಲ್ಲ, ರಜೆಯೂ ಅಲ್ಲ. ಎಲ್ಲರ ಮೇಲೂ ಕೊಲ್ಲುವಷ್ಟು ಸಿಟ್ಟಿತ್ತು. ಮೊದಲ ಪುಸ್ತಕದಲ್ಲಿ ಒಂದು ಊರಿಗೆ ಊರೇ ಕುಸಿಯುತ್ತದಲ್ಲ, ಆ ಊರು ನಮ್ಮ ಮನೆ.

ಅಮ್ಮನ ಕೈ ನಿಂತಿತ್ತು.

"ಅವತ್ತು ನಿಮ್ಮ ತಾತನ ಶ್ರಾದ್ಧ. ಮಡೀಲಿದ್ದೆ. ಒಳಗೆ ಬ್ರಾಹ್ಮಣರು ಎಲೆ ಮುಂದೆ ಕೂತಿದ್ರು."

ಅಂದರೆ ನೆನಪಿದೆ ಅವಳಿಗೆ.

"ಅವರು ಎದ್ದು ಹೋದ ಮೇಲೆ?"

"ನಮ್ಮಮ್ಮ ನನ್ನ ಹತ್ರ ಮಾತೂ ಆಡ್ತಿರಲಿಲ್ಲ ಸುಪ್ರಜಾ. ನಾನು ನಿನ್ನ ಹತ್ರ ಮಾತಾಡ್ತಿದ್ದೆ. ಅದು ನಿಂಗೆ ಲೆಕ್ಕಕ್ಕಿಲ್ಲ. ಆಡಿದ ಮಾತು ಹೋಯ್ತು, ಒಡೆದ ಮುತ್ತು ಹೋಯ್ತು. ಪೇಪರ್‌ನೋರ ಮುಂದೆ ನಗ್ತಾ ಹೇಳಿ, ಈಗ ನನ್ನ ಮುಂದೆ ಅಳ್ಬೇಡ."

ನಾನು ಅಳುತ್ತಿರಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

24 ಜುಲೈ, ಗುರುವಾರ

ಇಪ್ಪತ್ತು ದಿನ ಇಲ್ಲಿ ಏನೂ ಬರೆದಿಲ್ಲ. ಪುಸ್ತಕವೂ ನಿಂತಿದೆ. ಬರೆಯಲು ಕೂತರೆ ಆರಾಧನಾಳ ಆ ಮುಖ.

ಇವತ್ತು ಸ್ಕೂಲಿಂದ ಬಂದವಳು ಮುಂದಿನ ಬಾಗಿಲಿಗೆ ಬರಲಿಲ್ಲ. ಕಾಂಪೌಂಡ್ ಪಕ್ಕದ ಸಂದಿಯಲ್ಲಿ ನಡೆದು ನೇರ ಹಿತ್ತಿಲಿಗೆ ಹೋಗಿ, ತಾನೇ ಚಾಪೆ ಬಿಡಿಸಿ ಕೂತಳು. ಯಾರೂ ಹೇಳಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ, ನಿಜ ಹೇಳಬೇಕು. ಅಮ್ಮನಿಗೇ ಸ್ವಲ್ಪ ಗಲಿಬಿಲಿಯಾಯಿತು. ಆದರೆ ಎದ್ದು ಬಾ ಅನ್ನಲಿಲ್ಲ. ತಟ್ಟೆ ತೊಳೆದಿಟ್ಟಳು.

ಅತ್ತಿಗೆ ಬಂದು ಕರೆದಳು, ಗದರಿದಳು. ಹುಡುಗಿ "ಬಿಡಮ್ಮ, ಅಭ್ಯಾಸ ಆಗುತ್ತೆ" ಅಂದಳಂತೆ. ಅತ್ತಿಗೆ ನನಗೆ ಹೇಳುವಾಗ ದನಿ ಏರಿರಲಿಲ್ಲ. ಕಿರುಚಿದ್ದರೆ ವಾಸಿಯಿತ್ತು.

ನಾನು ಆರಾಧನಾಳಿಗೆ ನಿಜ ಹೇಳಿಲ್ಲ ಇನ್ನೂ. ಅಮ್ಮನಿಗೆ ಹೇಳಿದೆ, ಪೇಪರಿನವನಿಗೆ ಹೇಳಿದೆ. ಹೇಳಬೇಕಾದವಳಿಗೆ ಹೇಳಿಲ್ಲ. ಅವಳ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಅಂತ ಭಯ. ದೊಡ್ಡ ಲೇಖಕಿಯಂತೆ ನಾನು.

25 ಜುಲೈ, ಶ್ರಾವಣ ಶುಕ್ರವಾರ. ಸಂಜೆ ಐದು

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಟ್ಟೆಯ ಮೇಲೆ, ಗ್ಯಾಸಿನ ಪಕ್ಕ, ಮೊಣಕಾಲ ಮೇಲೆ ಈ ಪುಸ್ತಕ. ಬೆಳಿಗ್ಗೆಯಿಂದ ನಾನೂ ಹೊರಗೆ. ಅಂದರೆ ಈ ಮನೆಯ ಲೆಕ್ಕದಲ್ಲಿ ಹೊರಗೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಳೆ. ಸಂಜೆ ಪೂಜೆಯ ಕಡಲೆ ಉಸಲಿ ಒಲೆಯ ಮೇಲೇ ಇದೆ. ಬೇಕಂತಲೇ ಮುಟ್ಟಿದೆ. ಒಂದು ಚಮಚ ತಿಂದೂ ನೋಡಿದೆ. ಉಪ್ಪು ಕಮ್ಮಿ.

ನಾಲ್ಕೂವರೆಗೆ ಆರಾಧನಾ ಸಂದಿಯಲ್ಲಿ ಹೋಗುವುದು ಕಂಡಿತು. ಹೋಗಿ ಕೈ ಹಿಡಿದು ಕರೆತಂದೆ. ಹೊಸ್ತಿಲ ಬಳಿ ನಿಂತುಬಿಟ್ಟಳು. "ಅತ್ತೆ, ಬೇಡ, ಅಜ್ಜಿ ಬೈತಾರೆ." ಬೈಯಲಿ ಅಂದೆ. ಎಳೆದೇ ತಂದೆ.

ಹೇಳಿದೆ. ಜ್ವರ, ಮಾತ್ರೆ, ಗೋಡೆ, ಎಲ್ಲ. ಅಲ್ಲಿ ಕೂತು ನಾನೂ ಒಂದು ಸಾಲು ಬರೆದಿರಲಿಲ್ಲ, ಬರೆದದ್ದೆಲ್ಲ ಆಮೇಲೆ, ಹಲ್ಲು ಕಚ್ಚಿಕೊಂಡು, ಅಂದೆ. ಪೇಪರಿನಲ್ಲಿ ಬಂದದ್ದು ಸುಳ್ಳು ಅಂದೆ.



"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ಚೆನ್ನಾಗಿ ಕೇಳ್ಸುತ್ತೆ ಅಂತ."

"ನಾನು ಅಲ್ಲಿ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ?"

ಗೊತ್ತು ಅನ್ನುವ ಯೋಗ್ಯತೆ ನನಗಿಲ್ಲ. ಸಿಟ್ಟಲ್ಲಿದ್ದಾಳೆ. ನನ್ನ ಮೇಲೇ. ಇರಲಿ. ತಿಂಗಳಾದ ಮೇಲೆ ಮೊದಲ ಸಲ ಮುಖಕ್ಕೆ ಕಳೆ ಬಂದಿದೆ.

ಕಾಫಿ ಮಾಡುತ್ತೇನೆ ಅಂತ ಅವಳೇ ಎದ್ದಳು. ಡಿಕಾಕ್ಷನ್ ಜಾಸ್ತಿ ಹಾಕಿದಳು. ಮೂರು ಲೋಟ.

ಗೇಟಿನ ಸದ್ದು. ಅಮ್ಮ.

ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೊಸ್ತಿಲಾಚೆ. ಕೈಯಲ್ಲಿ ಹೂವು, ಕುಂಕುಮದ ಪೊಟ್ಟಣ. ನನ್ನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಉಸಲಿ ನೋಡಿದಳು.

"ಇಬ್ರೂನಾ?"

"ಇಬ್ರೂ" ಅಂದೆ. ಕಟ್ಟೆಯಿಂದ ಇಳಿಯಲಿಲ್ಲ. ಬರೆಯುವುದನ್ನೂ ನಿಲ್ಲಿಸುವುದಿಲ್ಲ.

ಅಮ್ಮ ಕೂಗಾಡುತ್ತಿಲ್ಲ. ಒಳಗೂ ಬರುತ್ತಿಲ್ಲ. ಹಾಗೇ ನಿಂತಿದ್ದಾಳೆ. ಬಿಸಿಲಲ್ಲಿ ನಡೆದು ಬಂದಿದ್ದಾಳೆ, ಏದುಸಿರು ಬಿಡುತ್ತಿದ್ದಾಳೆ.

ಆರಾಧನಾ ಒಂದು ಲೋಟ ತೆಗೆದುಕೊಂಡು ಹೊಸ್ತಿಲಿಗೆ ಹೋದಳು.

"ಅಜ್ಜಿ, ಕಾಫಿ."

"ಕೆಳಗಿಡು."

"ಇಡಲ್ಲ. ಕೈಗೇ ತಗೊಳ್ಳಿ."

ಲೋಟ ಬಿಸಿ ಇದೆ, ಬೆರಳು ಬದಲಾಯಿಸುತ್ತಿದ್ದಾಳೆ, ಆದರೂ ಕೆಳಗಿಡುತ್ತಿಲ್ಲ. ಅಮ್ಮ ಹೂವನ್ನು ಎಡಗೈಗೆ ತೆಗೆದುಕೊಂಡಳು. ಬಲಗೈ ಸೆರಗಿಗೆ ಒರೆಸಿಕೊಂಡಳು. ಈಗ ಆ ಕೈ ಹೊಸ್ತಿಲು ದಾಟಿ ಲೋಟದ ಕಡೆ ಬರುತ್ತಿದೆ.