ಗುಂಯ್ ಅನ್ನದ ವಾಲ್ವ್ ಆಂಪ್ಲಿಫಾಯರ್

ವೈನಿಯವರಿಗೆ ನಿಮ್ಮ ಮೈದುನ ಶರಣಪ್ಪನ ಶರಣು.

ಅಣ್ಣ ಆರಾಮ ಅದಾನ. ಅವನ ರೇಡಿಯೋ ರಿಪೇರಿ ಅಂಗಡಿ ನಡದದ. ನಾನೂ ಇನ್ನಾ ಮದಿವಿ ಮನಿಗೋಳಾಗ ಗಿಟಾರ್ ಬಾರಿಸಾಕತ್ತೇನಿ. ಇಷ್ಟೇ ಆಗಿದ್ರ ನಿಮಗ ಕಾಗದ ಬರೀತಿದ್ದಿಲ್ಲ. ನೀವು ಹೋಗಿ ಆರು ವರ್ಷ ಆತು. ಹೋದ ತಿಂಗಳ ಅಂದೋಲಾ ಊರಾಗ ಒಂದು ಮಾತು ನಡೀತು, ಅದನ್ನ ನೀವು ಕೇಳಬೇಕಿತ್ತು. ನೀವಿಲ್ಲದ ಹೊತ್ತಿನ್ಯಾಗೇ ಆ ಮಾತು ಬರಬೇಕಾ?

ಆ ಬ್ಯಾಸಗಿ ನೆನಪದ ಏನ್ರಿ? ನಮ್ಮ ಆರ್ಕೆಸ್ಟ್ರಾದ ಮಾಲಕ ಆಳಂದದ ನಮ್ಮ ಮನಿತನಕ ಬಂದು, ಕಟ್ಟಿ ಮ್ಯಾಲ ಕುಂತು, ನನಗ ಹೇಳಿದ. "ಶರಣಪ್ಪಾ, ನಿನ್ನ ಆ ಗಾಜಿನ ವಾಲ್ವಿನ ಆಂಪ್ಲಿಫಾಯರ್ ಡಬ್ಬಿ ಹಾಡೋರಕಿಂತ ಜೋರ ಗುಂಯ್ ಅಂತದ. ಎಲ್ಲಾರೂ ಟ್ರಾನ್ಸಿಸ್ಟರಿನ ಆಂಪ್ಲಿಫಾಯರ್ ತಗೊಂಡಾರ. ನೀನೂ ತಗೋ, ಇಲ್ಲಾಂದ್ರ ನಾ ಬ್ಯಾರೆ ಗಿಟಾರಿನವನ್ನ ನೋಡ್ತೇನಿ." ಖರೆ ಮಾತೇ ಆಗಿತ್ತು. ಆದ್ರ ಟ್ರಾನ್ಸಿಸ್ಟರಿನ ದನಿ ನನಗ ಹಿಡಸ್ತಿದ್ದಿಲ್ಲ. ತಂತಿ ಮೀಟಿದ್ರ ತಗಡ ಬಡದಂಗ ಆಗ್ತಿತ್ತು. ನಾ ಮಾರಿ ಇಳಿಬಿಟ್ಟು ಒಳಗ ಬಂದೆ. ನೀವು ರೊಟ್ಟಿ ಬಡಿಯಾಕತ್ತಿದ್ರಿ. ತಲಿ ಎತ್ತಲಾರದೇ ಅಂದ್ರಿ: "ಗುಂಯ್ ಅನ್ನೂದು ವಾಲ್ವಿನ ತಪ್ಪಲ್ಲ ತಮ್ಮಾ. ಅದನ್ನ ಕಟ್ಟಿದವರ ತಪ್ಪು."

ನೀವು ಮಟಕಿಯಿಂದ ಮದಿವ್ಯಾಗಿ ಬಂದಾಗ ಏಳನೇ ಈಯತ್ತೆ ಕಲ್ತಿದ್ರಿ. ಅಂಗಡಿಯ ಸುಟ್ಟ ಟ್ರಾನ್ಸ್‌ಫಾರ್ಮರ್ ಅಣ್ಣ ಮೂಲ್ಯಾಗ ಒಗೀತಿದ್ದ, ನೀವು ಅವನ್ನ ಒಂದೊಂದೇ ಬಿಚ್ಚತಿದ್ರಿ. ಎಷ್ಟು ಸುತ್ತು, ಎಲ್ಲಿ ಕಾಗದ, ಯಾವ ತಂತಿ ಮ್ಯಾಲ ಯಾವ ತಂತಿ, ಎಲ್ಲಾ ಒಂದು ನೋಟಬುಕ್ಕಿನ್ಯಾಗ. ತಿರಗಿ ಸುತ್ತೂ ಮುಂದ ಲೆಕ್ಕಕ್ಕಂತ ನೂರು ಸುತ್ತಿಗಿ ಒಂದು ಜೋಳದ ಕಾಳು ತಾಟಿನ್ಯಾಗ ಇಡೂದು. ಎರಡು ವರ್ಷದಾಗ ಅಣ್ಣಗಿಂತ ಚಲೋ ಸುತ್ತೂದು ಕಲ್ತಿದ್ರಿ. ಮಂದಿ ಅಣ್ಣನ ಕೈ ಭಾರಿ ಅದ ಅಂತಿದ್ರು. ಅಣ್ಣ ಮೀಸಿ ಮ್ಯಾಲ ಕೈ ಆಡಿಸ್ತಿದ್ದ. ನಾ...? ನಾನೂ ಸುಮ್ಮ ಇರ್ತಿದ್ದೆ.

ಆ ಹೊಸ ಆಂಪ್ಲಿಫಾಯರ್ ಕಟ್ಟಾಕ ಅಣ್ಣ ಸೋಲಾಪುರದ ಗುಜರಿಯಿಂದ ಹಳೇ ಸಿನಿಮಾ ಟಾಕೀಜಿನ ವಾಲ್ವ್ ತಂದ. ತಗಡ ಕತ್ತರಿಸಿದ್ದು, ಬೆಸಿಗಿ ಹಾಕಿದ್ದು ಅವ. ಸುತ್ತಿದ್ದು ನೀವು. ಹತ್ತು ದಿನ, ರೊಟ್ಟಿ-ಪಲ್ಯಾ ಮುಗಿಸಿ, ಮಧ್ಯಾನ ನೆರಳು ಬೀಳೂ ತನಕ. ಮೊದಲ ದಿನ ಚಾಲೂ ಮಾಡಿದಾಗ ಅದೂ ಗುಂಯ್ ಅಂತು! ಅಣ್ಣ ತಲಿ ಮ್ಯಾಲ ಕೈ ಹೊತ್ತು ಕುಂತ. ನೀವು ರಬ್ಬರ್ ಚಪ್ಲಿ ಮೆಟ್ಟಿ, ಎಡಗೈ ಬೆನ್ನ ಹಿಂದ ಇಟ್ಟು, ಒಣ ಕಟಗಿಲೆ ಟ್ರಾನ್ಸ್‌ಫಾರ್ಮರ್ ಹಗೂರಕ ತಿರುಗಿಸಾಕ ಹತ್ತಿದ್ರಿ. "ಏನ ಮಾಡಾಕತ್ತೀ ಬೇ, ಜೀವ ಹೋದೀತು!" ಅಂತ ಅಣ್ಣ ಒದರಿದ. ನಿಮ್ಮ ಕಿವಿ ಸ್ಪೀಕರಿನ ಕಡೆ ಇತ್ತು. ತಿರುಗಿಸ್ತಾ ತಿರುಗಿಸ್ತಾ ಆ ಗುಂಯ್ ಸಣ್ಣಾತು, ಸಣ್ಣಾತು, ಇಲ್ಲೇ ಇಲ್ಲ ಅನ್ನೂ ಹಂಗ ಆತು. "ಇಲ್ಲೇ ಸ್ಕ್ರೂ ಹೊಡೀರಿ," ಅಂದು ನೀವು ಚಾಕ್ಕ ನೀರಿಡಾಕ ಹೋದ್ರಿ. ನಿಮಗ ಅದನ್ನ ಯಾರು ಹೇಳಿಕೊಟ್ಟಿದ್ರು? ಕೇಳಬೇಕು ಅಂತಿದ್ದೆ, ಕೇಳೂದೇ ಆಗಲಿಲ್ಲ.

ಆಮ್ಯಾಲ ಆ ಐತವಾರ. ಜೇವರ್ಗಿಯಿಂದ ಭೀಮಾಶಂಕರ ಬಂದ, ಅಫಜಲಪೂರದಿಂದ ರಶೀದ್ ಬಂದ. ಇಬ್ಬರೂ ಬ್ಯಾರೆ ಬ್ಯಾರೆ ಆರ್ಕೆಸ್ಟ್ರಾದಾಗ ಗಿಟಾರ್ ಬಾರಿಸೋರು, ನನ್ನ ದೋಸ್ತರು. ಭೀಮಾಶಂಕರ ತನ್ನ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫಾಯರ್ ಹೆಗಲ ಮ್ಯಾಲ ಹೊತ್ಕೊಂಡೇ ಬಂದಿದ್ದ. "ವಾಲ್ವಿನ ಕಾಲ ಮುಗೀತಲೇ ಶರಣ್ಯಾ, ಇನ್ನ ಅದು ಮ್ಯೂಜಿಯಮ್ಮಿಗಿ," ಅಂದ. ಅಡಗಿಮನಿ ಬಾಗಲಕ್ಕ ಚಾದರ್ ಕಟ್ಟಬೇಕು, ಎರಡೂ ಅದರ ಹಿಂದ ಇಡಬೇಕು, ಸ್ಪೀಕರ್ ಮಾತ್ರ ಹೊರಗ, ಯಾವುದು ಯಾವುದಂತ ಕಿವಿನೇ ಹೇಳಲಿ ಅಂತ ತೀರ್ಮಾನ ಆತು. ಚಾದರಿನ ಹಿಂದ ಅಣ್ಣ ತಂತಿ ಬದಲ ಮಾಡಾಕ, ನೀವು ಒಲಿ ಮುಂದ.

ಮೊದಲ ಭೀಮಾಶಂಕರ ಬಾರಿಸಿದ. ಒಂದರಾಗ ಒಂದು ಹಾಡಿನ ತುಣಕು, ಇನ್ನೊಂದರಾಗ ಅದೇ ತುಣಕು. ಎರಡನೇದಕ್ಕ ಅವನ ಮಾರಿ ಅರಳಿತು. "ಇದೇ ನಂದು! ಜರಾನೂ ಗುಂಯ್ ಇಲ್ಲ ನೋಡು. ಸ್ವಚ್ಛ ನೀರಿದ್ದಂಗ ಅದ. ವಾಲ್ವಿನ್ಯಾಗ ಇದು ಆಗಂಗಿಲ್ಲಲೇ." ಅಣ್ಣ ಚಾದರ್ ಸರಿಸಿದ. ಅದು ನಿಮ್ಮದು! ಒಳಗಿಂದ ಫಕ್ಕನೆ ಒಂದು ನಗು ಕೇಳಿಸ್ತು, ಮರುಗಳಿಗಿಗೆ ಕೊಡಾ ಉರುಳಿದ ಸಪ್ಪಳ. ನಗು ಮುಚ್ಚಾಕ ಕೊಡಾ ಉರುಳಿಸಿದ್ರಿ ಅಲ್ಲ? ನನಗ ಅವತ್ತೇ ಗೊತ್ತಾಗಿತ್ತು.

ರಶೀದ್ ಮಾತ್ರ ಭಾಳ ಹೊತ್ತು ಬಾರಿಸಿದ. ಮೆತ್ತಗ ಮೀಟಿದ, ಜೋರ ಮೀಟಿದ, ಮ್ಯಾಲಿನ ತಂತಿ ಬೆರಳಲೆ ಬಗ್ಗಿಸಿ ಹಿಡದು ಕಣ್ಣ ಮುಚ್ಚಿದ. "ಯಾರ್, ವಾಲ್ವಿಂದು ಮೆತ್ತಗ ಕೇಳಿದ್ರ ಮೆತ್ತಗ ಹೇಳ್ತದ, ಸಿಟ್ಟಿಗೆದ್ದು ಕೇಳಿದ್ರ ಸಿಟ್ಟಿಲೇ ಹೇಳ್ತದ. ಟ್ರಾನ್ಸಿಸ್ಟರ್ ಹಂಗಲ್ಲ, ಅದು ಎಲ್ಲಾಕ್ಕೂ ಒಂದೇ ಜವಾಬ್ ಕೊಡ್ತದ," ಅಂದ. ಆಮ್ಯಾಲ ನಿಮ್ಮ ಆಂಪ್ಲಿಫಾಯರ್ ಎತ್ತಾಕ ಹೋದ, ಹಂಗೇ ಇಳಿಸಿ ಸೊಂಟ ಹಿಡ್ಕೊಂಡ. "ದನಿ ಇದರದೇ. ಆದ್ರ ಅಫಜಲಪೂರ ಬಸ್ಸಿನ ಟಾಪಿಗಿ ಇದನ್ನ ಏರಿಸೋರು ಯಾರಪಾ? ನಾ ಟ್ರಾನ್ಸಿಸ್ಟರೇ ತಗೋತೇನಿ." ಎಲ್ಲಾರೂ ನಕ್ಕೇವಿ. ಹೋಗೂ ಮುಂದ ಭೀಮಾಶಂಕರ ಅಣ್ಣನ ಎರಡೂ ಕೈ ಹಿಡದು, "ಈ ಕೈಗೋಳಿಗಿ ಶರಣ್ರಿ ಅಣ್ಣಾವ್ರ," ಅಂದ. ಅಷ್ಟೊತ್ತಿಗೇ ನೀವು ಚಾ ತಂದ್ರಿ. ತಾಮ್ರದ ತಂತಿ ಕೊಯ್ದ ಬೆರಳಿಗಿ ಅರಿವಿ ಸುತ್ತಿದ್ರಿ. ಕಪ್ಪು ಇಟ್ಟು ಒಳಗ ಹೋದ್ರಿ. ಅಣ್ಣ ಕಪ್ಪು ಎತ್ತಿ ಚಾ ಕುಡದ. ನಾನೂ ಕುಡದೆ.

ಮರುದಿನ ಕೇಳಿದೆ, "ವೈನಿ, ನೀವೇ ಯಾಕ ಹೇಳಲಿಲ್ಲ?" ನೀವು ಕಾಳು ಆರಿಸ್ತಾ ಅಂದ್ರಿ: "ಹೆಣ್ಣಮಗಳು ಸುತ್ಯಾಳ ಅಂದ್ರ ಇಲ್ಲದ ಗುಂಯ್ ಸೈತ ಕೇಳಸ್ತದ ಮಂದಿಗಿ. ಭೀಮಾಶಂಕರ ಅದನ್ನ ತನ್ನ ಹೊಸಾದು ಅಂದನಲ್ಲ, ನನಗ ಅಷ್ಟು ಸಾಕು ತಮ್ಮಾ." ಸಾಕಾಗಿತ್ತೇನ್ರಿ ಖರೇನ? ನಿಮ್ಮ ಮಾರಿ ಸಮಾಧಾನದಾಗೇ ಇತ್ತು.

ಆರ್ಕೆಸ್ಟ್ರಾದ ಮಾಲಕ ಬಂದು ಅದರ ದನಿ ಕೇಳಿದ, ತಲಿ ಆಡಿಸಿದ, ನನ್ನ ಜಾಗಾ ಉಳೀತು. ಭೂಸನೂರ, ಮಟಕಿ, ಎಲ್ಲಾ ಕಡೆ ಅದರಾಗೇ ಬಾರಿಸಿದೆ. ನಿಮ್ಮ ತವರಿನ್ಯಾಗ ಬಾರಿಸಿದ ದಿನ ನಿಮ್ಮ ಅವ್ವ ಮುಂದಿನ ಸಾಲಿನ್ಯಾಗ ಕುಂತಿದ್ರು. ಅವರಿಗೂ ನಾವು ಹೇಳಲಿಲ್ಲ. ಆಮ್ಯಾಲ ಕಣ್ಣು-ಮೈ ಹಳದಿ ಆಗಿ ನಿಮಗ ಕಾಮಣಿ ಆತು, ಇಪ್ಪತ್ತು ದಿನದಾಗ... ಅದನ್ನ ಬರಿಯಂಗಿಲ್ಲ. ನಿಮಗೂ ಬ್ಯಾಡ.

ಈಗ ಅಂದೋಲಾದ ಮಾತು. ಅಲ್ಲಿ ಒಂದು ಮದಿವಿ, ಮೂರೂ ಮಂದಿ ಗಿಟಾರಿನವರನ್ನ ಒಮ್ಮೆ ಕರಸಿದ್ರು. ರಶೀದ್ ಒಂದು ಕೈಚೀಲ ಹಿಡ್ಕೊಂಡು ಬಂದ. ಅದರಾಗ ಒಂದು ಡಿಜಿಟಲ್ ಡಬ್ಬಿ, ನಮ್ಮ ಮಸಾಲಿ ಡಬ್ಬಿಯಷ್ಟೇ ಅದ. ನಂಬರ್ ಒತ್ತಿದ್ರ ಒಂದೊಂದು ಆಂಪ್ಲಿಫಾಯರಿನ ದನಿ! ವಾಲ್ವಿಂದೂ ಅದ, ಟ್ರಾನ್ಸಿಸ್ಟರಿಂದೂ ಅದ. ನಗಬೇಕು ಅಂತ ತಯಾರಾಗಿದ್ದೆ ವೈನಿ, ನಗು ಬರಲಿಲ್ಲ. ಚಲೋ ಇತ್ತು. ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ.

ಊಟ ಆದಮ್ಯಾಲ ಮಂದಿ ಅಲ್ಲಲ್ಲೇ ಅಡ್ಡಾದ್ರು. ನಾವು ಡಬ್ಬಿಯನ್ನೂ ನಿಮ್ಮ ಆಂಪ್ಲಿಫಾಯರನ್ನೂ ಬಾಜು ಬಾಜು ಇಟ್ಟೇವಿ. ರಶೀದ್ ಅದರಾಗ ಬಾರಿಸಿದ, ಇದರಾಗ ಬಾರಿಸಿದ. "ನೂರಕ್ಕ ತೊಂಬತ್ತು ವಾಲ್ವಿನಂಗೇ ಅದ. ಉಳದ ಹತ್ತು ಈ ಡಬ್ಬ್ಯಾಗ ಇಲ್ಲ. ಆದ್ರ ಈ ಸೊಂಟಕ್ಕ ತೊಂಬತ್ತು ಸಾಕಪಾ," ಅಂದ. ಭೀಮಾಶಂಕರ ನಿಮ್ಮ ಆಂಪ್ಲಿಫಾಯರಿನ ಮುಂದ ಕುಂತವ ಏಳಲೇ ಇಲ್ಲ. ಅಣ್ಣ ನನ್ನ ಜೋಡಿ ಬಂದಿದ್ದ, ಅವನ ಕಡೆ ತಿರುಗಿ ಅಂದ: "ಅಣ್ಣಾವ್ರ, ಇಂಥಾದು ಇನ್ನೊಂದು ಕಟ್ಟಿಕೊಡ್ರಿ ನನಗ."

ಅಣ್ಣ ಕಪ್ಪು ಕೆಳಗಿಟ್ಟ. "ನನ್ನಿಂದ ಆಗಂಗಿಲ್ಲಪಾ. ಇದನ್ನ ಸುತ್ತಿದಾಕಿ ನಮ್ಮ ಮನಿಯಾಕಿ. ಗುಂಯ್ ತಗದಾಕೀನೂ ಆಕೀನೇ. ನಾ ಬರೇ ತಗಡ ಕತ್ತರಿಸಿದೆ. ಇಷ್ಟು ವರ್ಷ ಹೇಳದೇ ಇದ್ದದ್ದು ನಂದು ಸಣ್ಣತನ."

ಭೀಮಾಶಂಕರ ಹಗೂರಕ ಕೇಳಿದ, "ಅಂದ್ರ ಅವತ್ತು ನಾ ಇದನ್ನ ಟ್ರಾನ್ಸಿಸ್ಟರ್ ಅಂದಾಗ ಒಳಗ ನಕ್ಕವರು..."

"ಅವರೇ," ಅಂದೆ ನಾ.

ಅವ ಹೊಟ್ಟಿ ಹಿಡ್ಕೊಂಡು ನಕ್ಕ ನೋಡ್ರಿ! ನಕ್ಕು ನಕ್ಕು ಕಣ್ಣ ಒರಸ್ಕೊಂಡ. ಅಣ್ಣನೂ ನಕ್ಕ. ನೀವು ಹೋದಮ್ಯಾಲ ಅಣ್ಣ ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ.

ಇಲ್ಲಿಗೇ ಮುಗೀಲಿಲ್ಲ. ಭೀಮಾಶಂಕರ ಮನಿಗಿ ಹೋಗಿ ಹೆಂಡ್ತಿ ಮುಂದ ಎಲ್ಲಾ ಹೇಳ್ಯಾನ. ಕಸ್ತೂರಿ ಅಂತ ಅವರ ಹೆಸರು, ಹೊಲಿಗಿ ಮಷಿನ್ ರಿಪೇರಿನೂ ಮಾಡ್ತಾರಂತ. ಮೊನ್ನೆ ಜೇವರ್ಗಿಯಿಂದ ಗಂಡನ ಜೋಡಿ ಆಳಂದಕ್ಕ ಬಂದ್ರು, ನಿಮ್ಮ ಆಂಪ್ಲಿಫಾಯರ್ ನೋಡಾಕಂತೇ. ದನಿ ಆಮ್ಯಾಲ ಕೇಳ್ತೇನಿ ಅಂದು, ಅದನ್ನ ತಿರುವಿ ಹಿಂದಿನ ತಗಡ ನೋಡಿದ್ರು. "ಎಲ್ಲಾರೂ ಮಾಡಿದ್ದರ ಮ್ಯಾಲ ಹೆಸರು ಹಾಕ್ತಾರ. ಇದರ ಮ್ಯಾಲ ಹೆಸರೆಲ್ಲಿ ಅದರಿ?" ಅಂತ ಅಣ್ಣಗ ಕೇಳಿದ್ರು. ಅಣ್ಣ ಸಾಲ್ಯಾಗ ಕರಿ ಹಲಗಿ ಮುಂದ ನಿಂತ ಹುಡುಗನಂಗ ನಿಂತಿದ್ದ.

ಇವತ್ತು ಮುಂಜಾನೆ ಪೂಜಿ ಮುಗಿಸಿದಾವನೇ ಅಣ್ಣ ಬಿಳಿ ಪೇಂಟಿನ ಡಬ್ಬಿ ತಗೊಂಡು ಕುಂತ. ಅಕ್ಷರ ಸೊಟ್ಟ ಬಂದಾವ. ನಾ ಬರೀತೇನಿ ಅಂದೆ, ಕೊಡಲಿಲ್ಲ. ನಿಮ್ಮ ಹೆಸರು, 'ಗುರುಬಾಯಿ, ಆಳಂದ' ಅಂತ ಬರದಾನ. ಮುಂದಿನ ಐತವಾರ ಮಟಕಿಯೊಳಗ ಬಾರಿಸೂದದ. ಹಿಂದಿನ ತಗಡ ಮಂದಿ ಕಡೆ ಮಾಡಿ ಇಡ್ತೇನಿ, ನಿಮ್ಮ ಅವ್ವಗ ಓದಾಕ ಬರಂಗಿಲ್ಲ, ನಾನೇ ಓದಿ ಹೇಳ್ತೇನಿ. ಇವತ್ತು ಮಾತ್ರ ಬಾರಿಸಂಗಿಲ್ಲ ವೈನಿ. ಪೇಂಟ್ ಇನ್ನಾ ಹಸಿ ಅದ.