ಅಮ್ಮ ತೀಡಿದ ಹುಬ್ಬು

ಪೆಂಡುರ್ತಿ, ವಿಶಾಖಪಟ್ಟಣ
3 ಸೆಪ್ಟೆಂಬರ್ 2025

ಪ್ರೀತಿಯ ಹರಿಣಿಗೆ ಅಕ್ಕನ ತುಂಬು ಆಶೀರ್ವಾದ.

ಗೌರಿ ಹಬ್ಬದ ರವಿಕೆ ಬಟ್ಟೆ, ಬಳೆ ಹಬ್ಬಕ್ಕೆ ಮೊದಲೇ ವಿಜಯವಾಡ ತಲುಪಬೇಕಿತ್ತು. ಹಬ್ಬ ಕಳೆದು ಗಣಪತಿಯನ್ನೂ ನೀರಿಗೆ ಬಿಟ್ಟ ಮೇಲೆ ಕಳಿಸುತ್ತಿದ್ದೇನೆ, ಬೈದುಕೋ. ಬಳೆ ನಿನ್ನ ಹಳೆಯ ಅಳತೆಯದೇ. ಕೈಗೆ ಏರದಿದ್ದರೆ ಅದಕ್ಕೆ ನಾನು ಹೊಣೆಯಲ್ಲ, ನಿಮ್ಮ ಮನೆಯ ಪೆಸರಟ್ಟು ಹೊಣೆ. ತಡವಾದದ್ದು ಸೋಮಾರಿತನದಿಂದಲ್ಲ. ಬರೆಯಲು ಕೂತಾಗಲೆಲ್ಲ "ಇಲ್ಲಿ ನಾವೆಲ್ಲ ಕ್ಷೇಮ" ಎನ್ನುವ ಸಾಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಈ ಸಲ ಆ ಸಾಲನ್ನು ಬಿಟ್ಟೇ ಬರೆಯುತ್ತಿದ್ದೇನೆ.

ವಿಡಿಯೊ ಕಾಲ್ ಇರುವಾಗ ಇದೆಂಥ ಕಾಗದ ಎಂದು ದುರ್ಗಾಪ್ರಸಾದ್ ನಗಬಹುದು. ನಿನ್ನ ಯಜಮಾನರಿಗೆ ಹೇಳು, ಅಕ್ಕ ತಂಗಿ ಫೋನಿನಲ್ಲಿ ಈ ಮಾತು ಎತ್ತಿದರೆ ಇಬ್ಬರೂ ಮೂಗು ಒರೆಸಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ, ವಿಷಯ ಇದ್ದಲ್ಲೇ ಇರುತ್ತದೆ ಅಂತ.

ವಿಷಯ ಅಮ್ಮನದು. ಮರೆವು ಹೆಚ್ಚಾಗಿರುವುದು ನಿನಗೆ ಗೊತ್ತು. ಕಿವಿ ಮೊದಲೇ ಮಂದ; ಮೆಷಿನ್ ಹಾಕಿದರೆ ಕಿತ್ತು ದಿಂಬಿನ ಕೆಳಗೆ ತುರುಕುತ್ತಾಳೆ. ಕಿವಿಯ ಹತ್ತಿರ ಹೋಗಿ ಕಿರುಚಬೇಕು, ಕಿರುಚಿದರೆ ಎಲ್ಲರ ದನಿಯೂ ಅವಳಿಗೆ ಒಂದೇ. ಇದಕ್ಕೆಲ್ಲ ನಾನು ಹೊಂದಿಕೊಂಡಿದ್ದೆ. ಆದರೆ ಈಗ ಕೆಲವು ದಿನಗಳಿಂದ ಅವಳಿಗೆ ನನ್ನ ಗುರುತು ಸಿಗುತ್ತಿಲ್ಲ ಕಣೇ.

ಹಬ್ಬದ ದಿನ ಪೂಜೆ ಮುಗಿಸಿ ಅವಳ ಕಾಲಿಗೆ ಬಿದ್ದೆ. ಅಮ್ಮ ಹೇಗೆ ಆಶೀರ್ವಾದ ಮಾಡುತ್ತಾಳೆಂದು ನಿನಗೆ ಹೇಳಬೇಕೆ? ಗಲ್ಲ ಹಿಡಿದು ಮುಖ ಎತ್ತಿ, ಹೆಬ್ಬೆರಳುಗಳಿಂದ ಎರಡೂ ಹುಬ್ಬನ್ನು ನಡುವಿನಿಂದ ಕಿವಿಯ ಕಡೆಗೆ ಸವರಿ, "ವಿಜಯಾ, ತಣ್ಣಗಿರು" ಎನ್ನುತ್ತಾಳೆ. ತಿಪಟೂರಿನ ಮನೆಯಲ್ಲಿ ನಾವು ತೊಟ್ಟಿಲಲ್ಲಿದ್ದಾಗ ದಿನಾ ನಮ್ಮ ಹುಬ್ಬು ತೀಡಿದ ಕೈ ಅದು. ಸಬ್ಬಕ್ಕಿಯನ್ನು ಕರ್ರಗಾಗುವ ತನಕ ಹುರಿದು, ನೀರು ಹಾಕಿ ಕುದಿಸಿ, ಕರಟಕ್ಕೆ ಹುಯ್ದು ಒಣಗಿಸಿದ ಸಾದು. ಅದರಲ್ಲಿ ತೀಡಿದರೆ ಹುಬ್ಬು ಅದೇ ಗೆರೆಯಲ್ಲಿ ಬೆಳೆಯುತ್ತದೆಂದು ಅವಳ ನಂಬಿಕೆ. ನಿನ್ನ ಮನೆಯಿಂದ ಇಲ್ಲಿಗೆ ಬಂದಾಗಲೂ ಅಷ್ಟೇ, ದುವ್ವಾಡದಲ್ಲಿ ರೈಲು ಇಳಿದವಳು ಮೊದಲು ನನ್ನ ಹುಬ್ಬು ಸವರಬೇಕು, ಆಮೇಲೆ ಬ್ಯಾಗು, ಆಮೇಲೆ ನಿನ್ನ ಮೇಲಿನ ಚಾಡಿ.

ಈ ಸಲ ಹೆಬ್ಬೆರಳು ಹುಬ್ಬಿನ ಅರ್ಧಕ್ಕೆ ಬಂದು ನಿಂತಿತು. ಇನ್ನೊಂದು ಸಲ ಸವರಿದಳು. ಬೆರಳಿಗೆ ಬೆರಳು ಉಜ್ಜಿಕೊಂಡು, "ಥೂ, ಇದೇನೇ ಜಿಡ್ಡು ಜಿಡ್ಡು" ಅಂದಳು. ಆಮೇಲೆ ನನ್ನ ಭುಜದ ಆಚೆಗೆ, ಬಾಗಿಲ ಕಡೆಗೆ ಮುಖ ಮಾಡಿ ಕೇಳಿದಳು, "ವಿಜಯ ಹಬ್ಬಕ್ಕೂ ಬರ್ಲಿಲ್ವಾ?" ಅವಳ ಎದುರಿಗೇ ಮಂಡಿಯೂರಿ ಕೂತಿದ್ದೆ ನಾನು!

ಅವಳನ್ನು ಅಂದು ಏನು ಪ್ರಯೋಜನ? ನನ್ನ ಹುಬ್ಬು ಈಗ ಎಲ್ಲಿದೆ ಹೇಳು. ಥೈರಾಯ್ಡ್ ಅರ್ಧ ತಿಂದಿತು, ಮಿಕ್ಕಿದ್ದನ್ನು ವಯಸ್ಸು ತಿನ್ನುತ್ತಿದೆ. ಕಿವಿಯ ಕಡೆಯ ಭಾಗ ನುಣ್ಣಗಾಗಿದೆ, ಮೂಗಿನ ಕಡೆ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ಹರಳೆಣ್ಣೆ ಹಚ್ಚಿದ್ದಾಯಿತು, ಈರುಳ್ಳಿ ರಸ ಹಚ್ಚಿ ಕಣ್ಣು ಉರಿಸಿಕೊಂಡದ್ದೂ ಆಯಿತು. ಹಬ್ಬಕ್ಕೆಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆ. ಅಮ್ಮ ಸವರಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಕಪ್ಪು ಕಿವಿಯವರೆಗೂ ಬಳಿದುಕೊಂಡಿತ್ತು, ನಾಟಕದ ಶೂರ್ಪನಖಿಯೇ ಸರಿ. ಹುಬ್ಬಿಲ್ಲದ ಮುಖ ನೋಡಿ ಅಮ್ಮನಿಗೆ ಇವಳು ಯಾರೋ ಅನ್ನಿಸುತ್ತಿದೆ ಎಂದು ನನ್ನ ಲೆಕ್ಕ.

ಅದಕ್ಕೇ ಒರೆಸಿದರೆ ಹೋಗದ ಹುಬ್ಬು ಹಾಕಿಸಿಕೊಳ್ಳೋಣ ಅಂತಿದ್ದೇನೆ. ನಿಮ್ಮ ಪಕ್ಕದ ಫ್ಲಾಟಿನ ಕೋಟೇಶ್ವರಮ್ಮನವರು ಮಾಡಿಸಿಕೊಂಡ ಮೇಲೆ ಸದಾ ಬೆಚ್ಚಿಬಿದ್ದ ಹಾಗೆ ಕಾಣುತ್ತಾರೆ ಎಂದು ನೀನೇ ನಕ್ಕಿದ್ದೆಯಲ್ಲ, ಅದೇ. ಗೋಪಾಲಪಟ್ಣಂನಲ್ಲಿ ಮಾಧವೀಲತಾ ಎನ್ನುವ ಹುಡುಗಿ ಮಾಡುತ್ತಾಳೆ. ಹೋಗಿ ವಿಚಾರಿಸಿ ಬಂದೆ. ಬಿಪಿ ಉಂಟೇ, ಶುಗರ್ ಉಂಟೇ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೀರಾ ಎಂದು ಡಾಕ್ಟರ ಹಾಗೆ ಕೇಳಿ, ಬಣ್ಣ ಒಗ್ಗುತ್ತದೋ ಇಲ್ಲವೋ ನೋಡಲು ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟಳು. ಕೂದಲಿನಂಥ ಗೆರೆ ಎಳೆದರೆ ಈ ವಯಸ್ಸಿನ ಚರ್ಮದಲ್ಲಿ ಹರಡಿಕೊಳ್ಳುತ್ತದಂತೆ. ಸೂಜಿಯಿಂದ ಸಣ್ಣ ಸಣ್ಣ ಚುಕ್ಕೆ ಹಾಕಿ ತುಂಬುತ್ತಾಳಂತೆ. ಒಂದೆರಡು ವರ್ಷ ಇದ್ದು ನಿಧಾನಕ್ಕೆ ಮಾಸುತ್ತದೆ ಅಂದಳು.

ನಿನ್ನ ಭಾವನ ಮುಂದೆ ಹೇಳಿದೆ. ಪೇಪರು ಕೆಳಗಿಳಿಸದೆ, "ಹಚ್ಚೆ ಹಾಕಿಸ್ಕೊಳ್ಳೋದೇ ಆದ್ರೆ ವೆಂಕಟರಮಣ ಅಂತ ನನ್ನ ಹೆಸರೇ ಹಾಕಿಸ್ಕೊ, ಹುಬ್ಬಿನಷ್ಟು ಉದ್ದ ಸರಿಯಾಗಿ ಕೂರುತ್ತೆ" ಅಂದರು. ರಿಟೈರ್ ಆದ ಬ್ಯಾಂಕಿನವರಿಗೆ ಬಾಯಿಗೆ ರಜೆಯೇ ಇಲ್ಲ. ಆಮೇಲೆ ನನ್ನ ಮುಖ ನೋಡಿ ಪೇಪರು ಮಡಿಸಿಟ್ಟರು.

ಒಂದು ಮಾತು ಮುಚ್ಚಿಡುವುದಿಲ್ಲ. ನನಗೂ ಆಸೆಯಿದೆ. ಅಮ್ಮನಿಗೋಸ್ಕರ ಮಾತ್ರ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಆದರೆ ಅಮ್ಮನಿಗೆ ಗುರುತು ಸಿಗುತ್ತಿದ್ದರೆ ಈ ಮುಖವನ್ನು ಹೀಗೇ ಇಟ್ಟುಕೊಂಡು ಹೋಗುತ್ತಿದ್ದೆ. ದೀಪಾವಳಿ ಕಳೆದ ಕೂಡಲೇ ನೀವು ಬಂದು ಅವಳನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ಆಗಿದೆ. ಹೋಗುವುದರೊಳಗೆ ಅವಳ ಬಾಯಲ್ಲಿ ಒಂದು ಸಲ ನನ್ನ ಹೆಸರು, ನನ್ನನ್ನೇ ಹಿಡಿದುಕೊಂಡು, ಕೇಳಬೇಕು. ಆಮೇಲೆ ಅವಳು ನಿನ್ನ ಮನೆಯಲ್ಲಿ ಹಾಯಾಗಿರಲಿ. ಏನಂತೀಯ, ಮಾಡಿಸಿಕೊಳ್ಳಲೇ? ಕೋಟೇಶ್ವರಮ್ಮನವರಿಗೆ ನೋವಾಯಿತೇ, ಕೇಳಿ ಹೇಳು. ನನ್ನ ಹೆಸರು ಹೇಳಬೇಡ ಮತ್ತೆ.

ಮಕ್ಕಳಿಗೆ ನನ್ನ ಮುದ್ದು. ಅವರಿಗೆ ದಿನಕ್ಕೊಂದಿಷ್ಟಾದರೂ ಕನ್ನಡ ಮಾತಾಡಲು ಹೇಳು, ಅಜ್ಜಿ ಬಂದರೆ ಬೈಸಿಕೊಳ್ಳುತ್ತಾರೆ. ಮನೆಯೊಳಗೆ ತೆಲುಗು ಕೇಳಿದರೆ ಅವಳಿಗೆ ಆಗದು. ತರಕಾರಿಯವರು, ಆಟೋದವರು, ನಿನ್ನ ಅತ್ತೆಯ ಕಡೆಯವರು, ಇವರ ಜೊತೆ ಮಾತ್ರ ಆ ಭಾಷೆ. "ಹೊರಗಿನೋರ ಮಾತು ಚಪ್ಪಲಿ ಜೊತೆ ಹೊಸಿಲಾಚೆ ಬಿಟ್ಟು ಬನ್ನಿ" ಎನ್ನುತ್ತಿದ್ದವಳು.

ನಿನ್ನ ಅಕ್ಕ,
ವಿಜಯ

ಪೆಂಡುರ್ತಿ
12 ಅಕ್ಟೋಬರ್ 2025

ಹರಿಣಿಗೆ ಅಕ್ಕನ ಆಶೀರ್ವಾದ.

ನೀನು ಎಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ನಿನ್ನ ಭಾವನ ಕೈಯಲ್ಲಿ "ಸ್ನಾನ ಮಾಡ್ತಿದಾಳೆ" ಎಂದು ಸುಳ್ಳು ಹೇಳಿಸಿದೆ. ದಿನಕ್ಕೆ ಅಷ್ಟು ಸಲ ಸ್ನಾನ ಯಾರು ಮಾಡುತ್ತಾರೆಂದು ನಿನಗೂ ಅನ್ನಿಸಿರಬೇಕು. ಕ್ಷಮಿಸು.

ಹುಬ್ಬು ಮಾಡಿಸಿಕೊಂಡೆ. "ಮಾಡಿಸ್ಕೊಳ್ಳೇ ಅಕ್ಕ, ಯಾರಪ್ಪನ ಗಂಟು ಹೋಗತ್ತೆ" ಎಂದು ನೀನು ಹೇಳಿದ್ದೇ ಧೈರ್ಯವಾಯಿತು. ಮಾಧವೀಲತಾ ಹಳೆಯ ಫೋಟೋ ತರಹೇಳಿದ್ದಳು. ನನ್ನ ಮದುವೆಯಲ್ಲಿ ನಾವಿಬ್ಬರೂ ಅಮ್ಮನ ಅಕ್ಕಪಕ್ಕ ನಿಂತಿರುವುದನ್ನು ಕೊಟ್ಟೆ. ನೋಡಿದವಳೇ, "ಆಂಟೀ, ಮುಗ್ಗುರಿಕೀ ಒಕಟೇ ಕನುಬೊಮ್ಮಲು!" ಅಂದಳು. ಮೂವರದ್ದೂ ಒಂದೇ ಹುಬ್ಬಂತೆ. ಅದು ನಮ್ಮಮ್ಮ ಕೂತು ತೀಡಿದ್ದು ಕಣಮ್ಮ ಎಂದೆ, ಹೆಮ್ಮೆಯಿಂದಲೇ. ಹಣೆಗೆ ಅಡ್ಡಲಾಗಿ ಶಾಯಿ ಹಚ್ಚಿದ ದಾರ ಹಿಡಿದು ಅಳತೆ ಮಾಡಿದಳು, ಪೆನ್ಸಿಲಿನಲ್ಲಿ ಬರೆದು ತೋರಿಸಿದಳು, ಅಳಿಸಿ ಮತ್ತೆ ಬರೆದಳು, ಮರಗಟ್ಟುವ ಕ್ರೀಮು ಹಚ್ಚಿ ಆಮೇಲೆ ಸೂಜಿ ಹಿಡಿದಳು. ನೋವು ಅಷ್ಟೇನಿಲ್ಲ, ಇರುವೆ ಸಾಲಾಗಿ ಹೋದ ಹಾಗೆ. ಮೊದಲ ವಾರ ಮಸಿ ಬಳಿದಂತಿತ್ತು, ಆಮೇಲೆ ಸಿಪ್ಪೆ ಎದ್ದು ತಿಳಿಯಾಯಿತು.

ಚೆನ್ನಾಗಿ ಬಂದಿದೆ ಹರಿಣಿ. ಕನ್ನಡಿಯಲ್ಲಿ ಹಳೆಯ ವಿಜಯ ಕಂಡಳು, ಅತ್ತುಬಿಟ್ಟೆ. ನಿನ್ನ ಭಾವ ಕೂಡ ತಮಾಷೆ ಮಾಡದೆ, "ನಮ್ಮ ಮದುವೆ ಫೋಟೋದಲ್ಲಿದ್ದ ಹಾಗೇ ಇದೀಯ" ಅಂದರು.

ಪೂರ್ತಿ ವಾಸಿಯಾಗಲಿ ಎಂದು ಅಲ್ಲಿಯವರೆಗೆ ಅಮ್ಮನ ಕೈಗೆ ಮುಖ ಕೊಡಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಅವಳಿಗೆ ತಲೆ ಬಾಚಿ, ಕಿಟಕಿಯ ಹತ್ತಿರ ಕೂರಿಸಿ, ಬನ್ನಿ ಎಲೆ ಕೈಗಿಟ್ಟು ಕಾಲಿಗೆ ಬಿದ್ದೆ. ಬಿಸಿಲು ನನ್ನ ಮುಖದ ಮೇಲೇ ಬೀಳುವ ಹಾಗೆ ಕೂತಿದ್ದೆ, ಅಷ್ಟು ಯೋಚನೆ ಮಾಡಿದ್ದೆ. ಗಲ್ಲ ಹಿಡಿದಳು. ನನ್ನ ಕಣ್ಣಿಗೇ ನೇರವಾಗಿ ಮುಖ ಇಟ್ಟಳು. ಹೆಬ್ಬೆರಳು ಹುಬ್ಬಿನ ಮೇಲೆ ಬಂತು, ನಡುವಿನಿಂದ ಕಿವಿಯ ತನಕ ಜಾರಿಕೊಂಡು ಹೋಯಿತು. ಮತ್ತೆ ಬಂತು, ಮತ್ತೆ ಜಾರಿತು.

"ಇಲ್ಲಿ ಹುಬ್ಬೇ ಇಲ್ವಲ್ಲ" ಅಂದಳು.

ಅಷ್ಟು ಕಪ್ಪಗೆ, ಅಷ್ಟು ಬಿಸಿಲಲ್ಲಿ, ಗೇಣು ದೂರದಲ್ಲಿರುವ ಹುಬ್ಬು! ಪಕ್ಕದಲ್ಲಿದ್ದ ಆರತಿ ತಟ್ಟೆ ತೆಗೆದು ಅವಳ ಮುಖದ ಮುಂದೆ ಆ ಕಡೆ ಈ ಕಡೆ ಆಡಿಸಿದೆ. ದೀಪ ಹೋದ ಕಡೆ ಅವಳ ಕಣ್ಣು ಹೋಗಲಿಲ್ಲ. ನಿನ್ನ ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ವಿಜಯಾ, ಅಮ್ಮನಿಗೆ ಕಣ್ಣು ಕಾಣಿಸ್ತಿಲ್ಲ ಕಣೇ" ಅಂದರು.

ಮಾರನೇ ದಿನವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗ್ಲಾಕೋಮಾ ಅಂತೆ. ಎರಡೂ ಕಣ್ಣಿನ ನರ ಸತ್ತಿದೆ, ಹೋದದ್ದು ಬರುವುದಿಲ್ಲ, ಎಷ್ಟೋ ತಿಂಗಳಿಂದ ಹೀಗೇ ಇರಬೇಕು, ನಿಮಗೆ ಗೊತ್ತಾಗಲಿಲ್ಲವೇ ಎಂದು ಡಾಕ್ಟರು ಕೇಳಿದರು. ಗೊತ್ತಾಗಲಿಲ್ಲ. ದಿನಾ ಟೀವಿ ಮುಂದೆ ಕೂರುತ್ತಿದ್ದಳು. ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದಳು, ವಯಸ್ಸಾಯಿತಲ್ಲ ಅಂದುಕೊಂಡೆ. ನಾನು ಕೆಂಪು ಸೀರೆ ಉಟ್ಟು ಮುಂದೆ ನಿಂತರೂ "ಹಸಿರು ಸೀರೆ ನಿಂಗೊಪ್ಪತ್ತೆ" ಎನ್ನುತ್ತಿದ್ದಳು, ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕಿದೆ. ಹಬ್ಬದ ದಿನ ಜಿಡ್ಡು ಅಂದಳೇ ಹೊರತು ಕಪ್ಪು ಅಂದಳೇ? ಬೆರಳಿಗೆ ಸಿಕ್ಕಿದ್ದನ್ನು ಅವಳು ಸರಿಯಾಗಿಯೇ ಹೇಳಿದ್ದಳು. ಕಣ್ಣು ಹೋದದ್ದನ್ನು ಯಾರಿಗೂ ಯಾಕೆ ಹೇಳಲಿಲ್ಲವೋ. ತನಗೇ ತಿಳಿಯಲಿಲ್ಲವೋ, ನಮಗೆ ಭಾರವಾದೇನು ಎಂದು ನುಂಗಿಕೊಂಡಳೋ, ಈಗ ಕೇಳಿದರೂ ಉತ್ತರ ಸಿಗುವುದಿಲ್ಲ.

ಇಷ್ಟೂ ದಿನ ಅವಳು ನಮ್ಮನ್ನು ಹೆಬ್ಬೆರಳಿನಿಂದ ಗುರುತು ಹಿಡಿಯುತ್ತಿದ್ದಳು ಹರಿಣಿ. ನಾನು ನೋಡುವವರಿಗಾಗಿ ಹುಬ್ಬು ಬರೆಸಿಕೊಂಡೆ. ಊರಿನವರಿಗೆಲ್ಲ ಕಾಣುತ್ತದೆ, ಅವಳೊಬ್ಬಳಿಗೆ ಇಲ್ಲ. ಪಕ್ಕದ ಮನೆಯವರು "ಎಂತ ಬಾಗುಂದೋ" ಎಂದು ಮೆಚ್ಚಿಕೊಳ್ಳುವಾಗ ಸಿಟ್ಟು ಬರುತ್ತದೆ, ಅವರದೇನು ತಪ್ಪು? ಬಣ್ಣ ಇನ್ನೂ ಒಂದೂವರೆ ವರ್ಷವೋ ಎರಡು ವರ್ಷವೋ ಇರುತ್ತದೆ. ದಿನಾ ಕನ್ನಡಿಯಲ್ಲಿ ನೋಡಿಕೊಂಡು ಹೋಗಬೇಕು.

ದೀಪಾವಳಿ ಮುಗಿದ ಮೇಲೆ ಬರುತ್ತೀರಲ್ಲ, ದುರ್ಗಾಪ್ರಸಾದ್ ಒಬ್ಬರೇ ಬರುವುದು ಬೇಡ, ನೀನೂ ಬಾ. ನಿನಗೆ ದೇವರು ಇನ್ನೂ ದಟ್ಟ ಹುಬ್ಬು ಇಟ್ಟಿದ್ದಾನೆ. ಒಂದೇ ಒಂದು ಕೋರಿಕೆ: ಬರುವ ಮುಂಚೆ ಪಾರ್ಲರಿಗೆ ಹೋಗಿ ಥ್ರೆಡಿಂಗ್ ಮಾಡಿಸಿಕೊಳ್ಳಬೇಡ. ಒಂದು ಕೂದಲನ್ನೂ ಕೀಳಿಸಬೇಡ. ಹೇಗಿದೆಯೋ ಹಾಗೇ ಬಂದು ಅವಳ ಕೈಗೆ ಮುಖ ಕೊಡು. "ಹರಿಣಿ" ಎಂದು ಅವಳ ಬಾಯಿಂದ ಬರಲಿ. ನಾನು ಪಕ್ಕದಲ್ಲಿ ನಿಂತು ಕೇಳುತ್ತೇನೆ. ನನಗೆ ಹೊಟ್ಟೆಕಿಚ್ಚು ಬಂದರೂ ಬರಬಹುದು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅನಕಾಪಲ್ಲಿಯ ಹೊಸ ಬೆಲ್ಲ ತರಿಸಿಟ್ಟಿದ್ದೇನೆ, ಮರೆಯದೆ ಒಯ್ಯಿ. ಮಕ್ಕಳು, ಮನೆ, ನಿನ್ನ ಯಜಮಾನರು, ಎಲ್ಲರೂ ಚೆನ್ನಾಗಿರಿ. ನಿನ್ನ ಕಣ್ಣು, ಕಿವಿ, ನೆನಪು ಕಡೆಯತನಕ ನಿನ್ನ ಜೊತೆಗಿರಲಿ ಎಂದು ಹರಸುತ್ತೇನೆ.

ನಿನ್ನ ಅಕ್ಕ,
ವಿಜಯ

ತಾಜಾಕಲಂ: ದಶಮಿಯ ದಿನದ ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ನೀನು ಇಲ್ಲಿಗೆ ಬಂದಾಗ ನಿನ್ನ ಭಾವನ ಬಾಯಿಂದ ಕೇಳುವುದು ಬೇಡ, ಅದಕ್ಕೆ ಬರೆಯುತ್ತಿದ್ದೇನೆ. ಹುಬ್ಬಿಲ್ಲ ಎಂದು ಕೈ ತೆಗೆದ ಮೇಲೆ ಅಮ್ಮ ಸೆರಗು ಸರಿಮಾಡಿಕೊಂಡು, ಹೊರಗಿನವರ ಮುಂದೆ ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಆಮೇಲೆ ನನ್ನ ಜೊತೆ ತೆಲುಗಿನಲ್ಲಿ ಮಾತಾಡಿದಳು ಹರಿಣಿ. ನನ್ನ ಜೊತೆ. "ಅಮ್ಮಾ, ಮೀರು ಚಾಲಾ ಮಂಚಿವಾಳ್ಳು. ಮಾ ಪೆದ್ದಮ್ಮಾಯಿ ಈ ಊಳ್ಳೋನೇ ಉಂಟುಂದಿ. ಕನಪಡಿತೇ ಒಕಸಾರಿ ರಮ್ಮನಿ ಚೆಪ್ಪಂಡಿ" ಅಂದಳು. ನೀವು ತುಂಬಾ ಒಳ್ಳೆಯವರು, ನನ್ನ ದೊಡ್ಡ ಮಗಳು ಇದೇ ಊರಲ್ಲಿದ್ದಾಳೆ, ಕಂಡರೆ ಒಂದು ಸಲ ಬಂದು ಹೋಗಲು ಹೇಳಿ ಅಂತ. ನಾನೇ ಅಮ್ಮಾ ಎಂದು ಕಿವಿಯ ಹತ್ತಿರವೇ ಎಷ್ಟು ಕೂಗಿದರೂ ಅವಳ ತಲೆಗೆ ಹೋಗಲಿಲ್ಲ. ಉತ್ತರಕ್ಕೆ ಕಾಯುತ್ತಾ ಕೂತೇ ಇದ್ದಳು, ಮುಖದಲ್ಲಿ ಅಷ್ಟು ಆಸೆ. ಕಡೆಗೆ ಅವಳ ಕಿವಿಗೆ ಬಾಯಿ ಹತ್ತಿಸಿ ನಾನೂ ತೆಲುಗಿನಲ್ಲೇ ಹೇಳಿದೆ, "ಅಲಾಗೇನಮ್ಮಾ, ಚೆಪ್ತಾನು." ಹಾಗೇ ಆಗಲಿ, ಹೇಳುತ್ತೇನೆ ಅಂತ. ಅದು ಕೇಳಿಸಿತು. ಅವಳು ನನಗೆ ಕೈ ಮುಗಿದಳು.